ಹಳೇ ಕಾರಿನ ಹೊಸ ಹಲ್ಲು

ಕಾರು ಬೀದಿಗೆ ಬಂದು ನಿಂತಾಗ ಯಾರದ್ದೋ ಮನೆಗೆ ದೊಡ್ಡ ನೆಂಟರು ಬಂದಿದ್ದಾರೆ ಅಂತಲೇ ಎಲ್ಲರೂ ಅಂದುಕೊಂಡರು. ಕಡುನೀಲಿ ಬಣ್ಣ, ಅಗಲವಾದ ಚಕ್ರಗಳು, ಹಿಂದೆ ನಾಲ್ಕು ಸೈಲೆನ್ಸರ್ ಕೊಳವೆ, ಒಳಗೆ ಕೆನೆಬಣ್ಣದ ಚರ್ಮದ ಸೀಟು. ಹದಿನೈದು ವರ್ಷ ಹಳೆಯದಾದರೂ ನಿಂತಲ್ಲೇ ಓಡುತ್ತಿರುವಂತೆ ಕಾಣುವ ಗಾಡಿ. ಅದರ ಬಾಗಿಲು ತೆರೆದು ಇಳಿದವಳು ನೋಡಿದರೆ ಮೂಲೆಮನೆಯ ಹಲ್ಲಿನ ಅಕ್ಕ!

ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದನ್ನು ನೋಡಿ ಕಟ್ಟುಹಲ್ಲು, ಕ್ಯಾಪು, ಪೂರ್ತಿ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಮನೆಯ ಹಿಂದಿನ ಕೋಣೆಯೇ ಲ್ಯಾಬು. ಊರಿನಲ್ಲಿ ಎಷ್ಟೋ ಜನ ಅವಳು ಮಾಡಿದ ಹಲ್ಲಿನಲ್ಲಿ ಅಗಿಯುತ್ತಿದ್ದರು, ನಗುತ್ತಿದ್ದರು, ಜಗಳವಾಡುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ.

ಗಂಡ ಅಂಗಳಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವುದನ್ನೂ ಅವಸರದಲ್ಲಿ ಹೇಳುವ ಜಾಯಮಾನ ಅವನದಲ್ಲ.

"ಇದೇನೇ ಇದು?"

"ಕಾರು ರೀ."

"ಅದು ಕಾಣ್ತಿದೆ. ಯಾರದ್ದು?"

"ನಮ್ಮದು."

ಅವನು ಕಾರನ್ನು ಒಂದು ಸುತ್ತು ಬಂದ. ಚಕ್ರ ನೋಡಿದ, ಸೈಲೆನ್ಸರ್ ನೋಡಿದ, ಕೊನೆಗೆ ಹೆಂಡತಿಯ ಮುಖ ನೋಡಿದ. ಕನ್ನಡಕ ತೆಗೆದು ಒರೆಸುತ್ತಾ ಒಳಗೆ ಹೋದ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಾರು ಮಾರಿದವರು ಅವಳಿಗೆ ಬಹಳ ಕಾಲ ಕೆಲಸ ಕೊಟ್ಟ ಹಿರಿಯ ಡಾಕ್ಟರು. ಕ್ಲಿನಿಕ್ಕನ್ನು ಹೊಸಬರಿಗೆ ವಹಿಸಿ ಮಗಳ ಊರಿಗೆ ಹೊರಟಿದ್ದರು. ಸಣ್ಣದೊಂದು ಹೊಸ ಕಾರಿನ ಕಾಲು ಬೆಲೆಗೆ ಕೊಡುತ್ತೇನೆಂದಾಗ ಅವಳು ಯೋಚಿಸುವ ಮೊದಲೇ ಹೂಂ ಅಂದುಬಿಟ್ಟಿದ್ದಳು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ನೋಡಮ್ಮ, ಇದನ್ನ ಕೊಂಡ್ಕೊಳ್ಳೋದು ಸುಲಭ, ಇಟ್ಕೊಳ್ಳೋದು ಕಷ್ಟ. ಗಾಡಿ ಬೆಲೆ ಇಳೀತು. ಆದ್ರೆ ಸ್ಪೇರ್ ಪಾರ್ಟ್‌ಗಳಿಗೆ ಅದು ಗೊತ್ತಿಲ್ಲ. ಅವು ಇನ್ನೂ ಹೊಸ ಗಾಡಿ ಕಾಲದ ಬೆಲೇಲೇ ಇವೆ."

ಅವಳು ಆ ಮಾತನ್ನು ಕೇಳಿಸಿಕೊಂಡಿದ್ದಳು. ಆದರೆ ಕೀಲಿ ಆಗಲೇ ಅವಳ ಅಂಗೈಯಲ್ಲಿತ್ತು.

ಮನೆಯಲ್ಲಿ ಕಾರನ್ನು ಕಂಡು ಕಣ್ಣರಳಿಸಿದವರು ಅತ್ತೆ ಒಬ್ಬರೇ. ಎಂಬತ್ತು ದಾಟಿದ ಮುದುಕಿ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಮಾತಿಗೆ ನಿಂತರೆ ಈಗಲೂ ಲೈನ್ ಕಟ್ ಮಾಡುವುದು ಕಷ್ಟ. ಸೊಂಟದ ಆಪರೇಷನ್ ಆದ ಮೇಲೆ ಬಸ್ಸಿನ ಕುಲುಕಾಟ ತಡೆಯಲಾರದೆ ಮನೆ ಹಿಡಿದಿದ್ದರು. ಬೆಟ್ಟದ ಮೇಲಿನ ಊರಿನಲ್ಲಿದ್ದ ತಂಗಿಯ ಜೊತೆ ದಿನಾ ಸಂಜೆ ಫೋನಿನಲ್ಲಿ ಹರಟುತ್ತಿದ್ದರೇ ಹೊರತು ಮುಖ ನೋಡಿ ವರ್ಷಗಳೇ ಆಗಿದ್ದವು. ಸೊಸೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಊರಾಚೆಯ ಅಗಲ ರಸ್ತೆಗೆ ಕರೆದೊಯ್ದಳು. ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದೇ ತಡ, ಇಂಜಿನ್ ಗಂಟಲು ಸರಿಮಾಡಿಕೊಂಡು ಹಾಡಲು ಹೊರಟಂತೆ ಸದ್ದು ಮಾಡಿತು. ಮರಗಳು ಸರಸರನೆ ಹಿಂದಕ್ಕೆ ಹೋದವು.

ಸೊಸೆ ಹೆದರಿ ಕಾಲು ಸಡಿಲಿಸಿದಳು. "ಸೊಂಟ ನೋಯ್ತಾ ಅತ್ತೆ?"

"ಸೊಂಟ ಎಲ್ಲಿದೆ ಅಂತ್ಲೇ ಮರೆತುಹೋಗಿತ್ತು. ಯಾಕೆ ನಿಧಾನ ಮಾಡಿದೆ? ಒತ್ತೇ!"

ಆ ಸುಖ ಬಹಳ ದಿನ ಉಳಿಯಲಿಲ್ಲ. ಮೊದಲು ಬೆಳಗಿನ ಹೊತ್ತು ಕಾರಿನಡಿ ಎಣ್ಣೆಯ ಕಲೆ ಕಾಣಿಸಿತು. ಆಮೇಲೆ ಎಡಗಡೆ ಹಿಂದಿನ ಕಿಟಕಿ ಇಳಿದದ್ದು ಏರಲಿಲ್ಲ. ಕೈಯಿಂದ ಎಳೆದು ಏರಿಸಿದರೆ ಮತ್ತೆ ಇಳಿಯಲಿಲ್ಲ. ಅದನ್ನೆಲ್ಲ ಅವಳು ನುಂಗಿಕೊಂಡಳು. ಆದರೆ ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಹಲ್ಲಿನ ಡಬ್ಬಿ ತಲುಪಿಸಿ ಬರುವಾಗ, ದೊಡ್ಡ ಸಿಗ್ನಲ್ಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ಎಷ್ಟು ಒತ್ತಿದರೂ ಗಾಡಿ ನಡಿಗೆಯ ವೇಗ ಮೀರಲಿಲ್ಲ. ಹಿಂದಿನವರು ಹಾರನ್ ಹೊಡೆದರು. ತರಕಾರಿ ತಳ್ಳುಗಾಡಿಯವನು ಅವಳನ್ನು ದಾಟಿ ಮುಂದೆ ಹೋದ, ಹೋಗುತ್ತಾ ತಿರುಗಿ ನೋಡಿ ಅಯ್ಯೋ ಪಾಪ ಎನ್ನುವಂತೆ ನಕ್ಕ.

ಅಂಥ ಗಾಡಿಗಳನ್ನು ಮುಟ್ಟುವ ಗ್ಯಾರೇಜು ಊರಿನಲ್ಲಿ ಒಂದೇ ಇತ್ತು. ಅದರ ಮೆಕ್ಯಾನಿಕ್‌ಗೆ ಎಲ್ಲರೂ ಇಟ್ಟ ಹೆಸರು 'ತಡೀರಿ'. ಏನು ಕೇಳಿದರೂ ಅವನ ಮೊದಲ ಮಾತು ಅದೇ.

"ದೊಡ್ಡ ತೊಂದರೇನಾ?" ಅಂದಳು ಹಲ್ಲಿನ ಅಕ್ಕ.

"ತಡೀರಿ," ಅಂದ. ಕಾರಿಗೆ ಸಣ್ಣ ಯಂತ್ರ ಜೋಡಿಸಿ ಓದಿದ. ಬಾನೆಟ್ಟಿನೊಳಗೆ ತಲೆ ತೂರಿಸಿ ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೈ ಒರೆಸಿಕೊಂಡು ಎದುರಿನ ಸ್ಟೂಲಿನ ಮೇಲೆ ಕೂತ.

"ನೋಡಿ ಅಕ್ಕ, ನೀವು ಆಕ್ಸಿಲರೇಟರ್ ಒತ್ತಿದಾಗ ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು ತೆರೀಬೇಕು. ಅದನ್ನ ತೆರೆಯೋ ಮೋಟಾರ್ ಎರಡಿದೆ. ಒಂದು ಕೆಟ್ಟಿದೆ, ಇನ್ನೊಂದು ಕೆಡೋ ಹಾದೀಲಿದೆ. ಈ ಗಾಡಿಗಳಿಗೆಲ್ಲ ಈ ವಯಸ್ಸಲ್ಲಿ ಬರೋ ಕಾಯಿಲೆ ಇದು. ಎಣ್ಣೆ ಸೋರೋದು ಹಳೇ ಗ್ಯಾಸ್ಕೆಟ್‌ನಿಂದ, ಅದು ನೆಗಡಿ ಇದ್ದ ಹಾಗೆ, ಪ್ರಾಣ ಹೋಗಲ್ಲ. ಇಂಜಿನ್ ಒಳಗಿನ ಬೇರಿಂಗ್ ಮಾತ್ರ ಬದಲಾಯಿಸ್ಲೇಬೇಕು. ಅದು ಸವೆದು ಕೈಕೊಟ್ರೆ ಇಂಜಿನ್ನೇ ಹೋಯ್ತು ಅನ್ಕೊಳ್ಳಿ."

"ಎಲ್ಲಾ ಸೇರಿ ಎಷ್ಟಾಗುತ್ತೆ?"

ಅವನು "ತಡೀರಿ" ಅನ್ನಲಿಲ್ಲ. ಖರ್ಚು ದೊಡ್ಡದೆಂದು ಅವಳಿಗೆ ಅದರಿಂದಲೇ ಗೊತ್ತಾಯಿತು. "ಮೋಟಾರ್ ಜೋಡಿಗೇ ನೀವು ಈ ಗಾಡಿಗೆ ಕೊಟ್ಟಷ್ಟು ಹತ್ತಿರ ಹತ್ತಿರ ಆಗುತ್ತೆ. ಬೇರಿಂಗ್ ಕೆಲಸದ್ದು ಬೇರೆ."

ರಾತ್ರಿ ಊಟದ ಹೊತ್ತಿಗೆ ಗಂಡ ಬಾಯಿ ಬಿಟ್ಟ. "ಗುಜರಿಯವರು ಒಳ್ಳೇ ಬೆಲೆ ಕೊಡ್ತಾರಂತೆ. ಚರ್ಮದ ಸೀಟಿಗೆ ಬೇರೆ."

"ನಾನು ಅದನ್ನ ಓಡಿಸೋಕೆ ತಗೊಂಡಿದ್ದು ರೀ, ಸುಲಿಯೋಕಲ್ಲ."

"ಓಡಿದ್ರೆ ತಾನೆ ಓಡಿಸೋದು?"

ಅತ್ತೆ ಇಬ್ಬರ ಮುಖವನ್ನೂ ನೋಡಿ ಸಾರಿನ ಬಟ್ಟಲಿಗೆ ಇನ್ನಷ್ಟು ಬ್ರೆಡ್ಡು ಮುರಿದು ಹಾಕಿಕೊಂಡರು.

ಮರುದಿನ ಅವಳು ಗ್ಯಾರೇಜಿಗೆ ಹೋದದ್ದು ಗಾಡಿಯನ್ನು ಗುಜರಿಗೆ ಕೊಡುತ್ತೇನೆಂದು ಹೇಳುವುದಕ್ಕೇ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ತಡೀರಿ ಕೆಟ್ಟ ಮೋಟಾರನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ್ದ. ಒಳಗೆ ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಇತ್ತು. ಒಂದು ಕಡೆ ಅದರ ಹಲ್ಲುಗಳು ಸವೆದು ಬೋಳಾಗಿದ್ದವು.

"ಇಷ್ಟೇನಾ ಕೆಟ್ಟಿರೋದು?"

"ಇಷ್ಟೇ. ಆದ್ರೆ ಕಂಪನಿಯವರು ಇದೊಂದನ್ನೇ ಮಾರಲ್ಲ. ಇಡೀ ಮೋಟಾರೇ ತಗೋಬೇಕು."

ಅವಳು ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅದರಲ್ಲಿ ಮುರಿದ ಪ್ಲಾಸ್ಟಿಕ್ಕು ಕಾಣುತ್ತಿತ್ತು. ಅವಳ ಕಣ್ಣಿಗೆ ಬಿದ್ದದ್ದು ಬಾಯೊಂದರಲ್ಲಿ ನಾಲ್ಕು ಹಲ್ಲು ಹೋಗಿ ಉಳಿದವು ಗಟ್ಟಿಯಾಗಿರುವ ಸಾಲು. ಉಳಿದವನ್ನು ನೋಡಿ ಹೋದವನ್ನು ಕಟ್ಟುವುದು ಅವಳು ದಿನವೂ ಮಾಡುತ್ತಿದ್ದ ಕೆಲಸ.

"ಇದನ್ನ ಎರಡು ದಿನ ನನಗೆ ಕೊಡ್ತೀರಾ?"

"ಯಾಕಕ್ಕ?"

"ತಡೀರಿ," ಅಂದಳು ಅವಳು. ಮೆಕ್ಯಾನಿಕ್ ಬಾಯ್ತುಂಬ ನಕ್ಕ.

ಬಗ್ಗುವ ಕಟ್ಟುಹಲ್ಲಿನ ಸೆಟ್ಟು ಮಾಡಲು ಅವಳ ಲ್ಯಾಬಿನಲ್ಲಿ ನೈಲಾನ್ ಕರಗಿಸಿ ಅಚ್ಚಿಗೆ ತುಂಬುವ ಯಂತ್ರವಿತ್ತು. ಸವೆದ ಜಾಗಕ್ಕೆ ಮೇಣದಲ್ಲಿ ಹಲ್ಲು ಕಟ್ಟಿ, ಅಚ್ಚು ತೆಗೆದು, ನೈಲಾನ್ ಸುರಿದು, ಭೂತಗನ್ನಡಿಯ ಕೆಳಗೆ ಒಂದೊಂದೇ ಅಂಚನ್ನು ಕೆರೆದು ನುಣುಪು ಮಾಡಿದಳು. ತಡೀರಿ ಅದನ್ನು ಕೂರಿಸಿದ. ಕಾರು ಒಂದೇ ಸಲಕ್ಕೆ ಎದ್ದು ಗುಟುರು ಹಾಕಿತು. ಇಬ್ಬರೂ ಚಪ್ಪಾಳೆ ತಟ್ಟಿದರು. "ಊರೊಳಗೆ ಓಡಿಸಿ ನೋಡಿ, ದೂರ ಬೇಡ," ಅಂತ ಅವನು ಹೇಳಿದ್ದು ಆ ಸಂಭ್ರಮದಲ್ಲಿ ಅರ್ಧ ಮಾತ್ರ ಅವಳ ಕಿವಿಗೆ ಬಿತ್ತು.

ಆ ವಾರವೇ ಅವಳು ಅತ್ತೆಯನ್ನು ಕೂರಿಸಿಕೊಂಡು ಬೆಟ್ಟದ ರಸ್ತೆ ಹಿಡಿದಳು. ತಂಗಿಯ ಮನೆಗೆ ಹೋಗುತ್ತಿದ್ದೇವೆಂದು ಅತ್ತೆ ಬೆಳಿಗ್ಗೆಯಿಂದ ಮೂರು ಸಲ ತಲೆ ಬಾಚಿಕೊಂಡಿದ್ದರು. ಅರ್ಧ ಏರುವವರೆಗೆ ಎಲ್ಲ ಚೆನ್ನಾಗಿತ್ತು. ಏರು ಕಡಿದಾಗುತ್ತಾ ಹೋದಂತೆ ಇಂಜಿನ್ ಬಿಸಿಯಾಯಿತು. ಒಂದು ತಿರುವಿನಲ್ಲಿ ಮತ್ತೆ ಅದೇ ಹಳದಿ ದೀಪಗಳು. ಅವಳು ಹೇಗೋ ರಸ್ತೆ ಬದಿಯ ಮೋಟುಗೋಡೆಯ ಪಕ್ಕಕ್ಕೆ ಗಾಡಿ ಸೇರಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು.

"ಬಂದ್ವಾ?" ಅಂದರು ಅತ್ತೆ.

"ಇಲ್ಲ ಅತ್ತೆ. ಕೆಟ್ಟುಹೋಯ್ತು."

"ಹೋಗ್ಲಿ ಬಿಡು. ಇಲ್ಲಿ ಗಾಳಿ ಚೆನ್ನಾಗಿದೆ."

ಗಂಡನಿಗೆ ಫೋನ್ ಮಾಡದೆ ವಿಧಿಯಿರಲಿಲ್ಲ. ಬೆಟ್ಟ ಏರುವ ಬಸ್ಸಿನಲ್ಲಿ ಬಂದ. ಡಿಪೋದವನೆಂದು ಡ್ರೈವರ್ ಆ ತಿರುವಿನಲ್ಲೇ ನಿಲ್ಲಿಸಿದ. ಕೈಯಲ್ಲಿ ನೀರಿನ ಬಾಟಲಿ, ತಾಯಿಯ ಮಾತ್ರೆ, ಒಂದು ಕೊಡೆ. ಎಲ್ಲವನ್ನೂ ತಾಯಿಗೆ ಕೊಟ್ಟು, ಬಾನೆಟ್ ಎತ್ತಿ ನಿಂತಿದ್ದ ಹೆಂಡತಿಯ ಹತ್ತಿರ ಬಂದ. ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಅಲ್ಲಿ ಹೊರಬಂತು.

"ನಿನ್ನ ಲ್ಯಾಬ್‌ಗೆ ಬರೋ ಡಬ್ಬಿ ಕಡಿಮೆ ಆಗ್ತಿರೋದು ನನ್ನ ಕಣ್ಣಿಗೆ ಬೀಳಲ್ಲ ಅನ್ಕೊಂಡಿದ್ದೀಯಾ? ಮೊದಲು ಆ ಕಿಟಕಿ ಹಲಗೆ ತುಂಬ ಅಚ್ಚು ಇರ್ತಿದ್ವು. ಈಗ ಅಲ್ಲಿ ಹೂಕುಂಡ ಇಟ್ಟಿದ್ದೀಯ. ಹೊಸ ಡಾಕ್ಟರು ಹಲ್ಲನ್ನ ಕಂಪ್ಯೂಟರ್‌ನಲ್ಲೇ ಮಾಡಿಸ್ತಾರಂತೆ. ನೀನಾಗೇ ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ಕಾರ್ ತಂದೆ!"

ಅವಳು ಬಾನೆಟ್ ಮುಚ್ಚಿ ಅವನ ಕಡೆ ತಿರುಗಿದಳು. ಗಂಡ ಸಿಟ್ಟಾಗಿದ್ದಾನೆ ಅಂದುಕೊಂಡಿದ್ದಳು. ಅವನು ಹೆದರಿದ್ದಾನೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು ರೀ," ಅಂದಳು. "ಹಿಂದಿನ ಕೋಣೇಲಿ ದೀಪ ಹಾಕ್ಕೊಂಡು ಇಷ್ಟು ವರ್ಷ ಕೂತೆ. ಡಬ್ಬಿ ಕೊಡೋಕೆ ಆ ಡಾಕ್ಟರ ಕ್ಲಿನಿಕ್ಕಿಗೆ ಹೋದಾಗೆಲ್ಲ ಬಾಗಿಲಲ್ಲಿರ್ತಿದ್ದ ಈ ಕಾರನ್ನ ನಿಂತು ನೋಡ್ತಿದ್ದೆ. ಲ್ಯಾಬ್ ಮುಚ್ಚಿದ ಮೇಲೆ ಅದನ್ನ ಕೊಳ್ಳೋ ಧೈರ್ಯ ನನಗೆ ಬರ್ತಿರ್ಲಿಲ್ಲ. ಅದಕ್ಕೇ ಮುಂಚೇನೇ ತಗೊಂಡೆ."

"ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ," ಅಂದ ಅವನು, ಪ್ರಾಮಾಣಿಕವಾಗಿ.

ಕಾರಿನೊಳಗಿಂದ ಅತ್ತೆಯ ಧ್ವನಿ ಬಂತು: "ಇಬ್ಬರದ್ದೂ ಮುಗೀತಾ? ಮುಗಿದಿದ್ರೆ ಯಾರಾದ್ರೂ ಬಂದು ಈ ಕಿಟಕಿ ಇಳಿಸಿ. ನಿಮ್ಮ ಜಗಳ ಅರ್ಧಂಬರ್ಧ ಕೇಳಿಸ್ತಿದೆ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ಬಂದ ಮೇಲೆ ತಡೀರಿ ಚಕ್ರ ತೆಗೆದು ತೋರಿಸಿದ. ಶಾಖಕ್ಕೆ ನೈಲಾನ್ ಮೆತ್ತಗಾಗಿ ಹಲ್ಲುಗಳು ಒಂದೇ ಕಡೆ ವಾಲಿದ್ದವು. ಅವಳು ಬಿಸಿ ಊಟ ತಾಳುವ ಹಲ್ಲು ಮಾಡಿದ್ದಳು. ಬಿಸಿ ಇಂಜಿನ್ ತಾಳುವ ಹಲ್ಲಲ್ಲ. ತಪ್ಪು ತನ್ನದೇ, ಇನ್ನು ಸಾಕು ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ನಿಂತಿದ್ದ ಗಂಡ ಆ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ: "ಬೇರೆ ಯಾವುದ್ರಲ್ಲಿ ಮಾಡೋಕಾಗುತ್ತೆ?"

ಅವಳು ತಿರುಗಿ ಅವನನ್ನೇ ನೋಡಿದಳು.

"ಲೋಹದಲ್ಲಿ ಆಗುತ್ತೆ. ಕ್ಯಾಪ್‌ಗೆ ಹಾಕೋ ಲೋಹ. ಆದ್ರೆ ಅದು ಕಷ್ಟ. ಕುಲುಮೆ ಬಿಸಿ ಸ್ವಲ್ಪ ಹೆಚ್ಚುಕಡಿಮೆ ಆದ್ರೂ ಕೆಡುತ್ತೆ. ನನ್ನ ಕುಲುಮೆ ಗಡಿಯಾರ ಬೇರೆ ಕೆಟ್ಟಿದೆ."

"ಗಡಿಯಾರದ್ದು ನಾನು ನೋಡ್ಕೋತೀನಿ," ಅಂದ ಟೈಮ್‌ಕೀಪರ್.

ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಲ್ಯಾಬಿನಲ್ಲಿ ಕೂತು ಅವಳ ಕೆಲಸ ನೋಡಿದವನಲ್ಲ. ಬಾಗಿಲಲ್ಲಿ ನಿಂತು ಕರೆದು ಹೋಗುತ್ತಿದ್ದನಷ್ಟೆ. ರಜೆಯ ದಿನ ಬೆಳಿಗ್ಗೆ ಮೂಲೆಯ ಸ್ಟೂಲಿನ ಮೇಲೆ, ಡಿಪೋದ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತ. ಅವಳು ಸಣ್ಣ ಚಾಕುವಿನಿಂದ ಮೇಣದ ಚಕ್ರ ಕೆತ್ತುವಾಗ ಉಸಿರು ಬಿಡಲೂ ಹೆದರಿದ. ಮೇಣದ ಚಕ್ರದ ಸುತ್ತ ಬಿಳಿ ಹಿಟ್ಟಿನ ಗಾರೆ ಸುರಿದು, ಗಟ್ಟಿಯಾದ ಮೇಲೆ ಕುಲುಮೆಗೆ ಇಟ್ಟಳು. ಒಳಗಿನ ಮೇಣ ಕರಗಿ ಹೋಗಿ, ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ; ಕರಗಿದ ಲೋಹ ಹೋಗಿ ಕೂರುವುದು ಅಲ್ಲಿ. ಅವನು ಗಡಿಯಾರದಿಂದ ಕಣ್ಣು ತೆಗೆಯದೆ, ಬಸ್ಸು ಬಿಡುವ ಧ್ವನಿಯಲ್ಲೇ "ಬಿಸಿ ಏರಿಸು... ಹಾಗೇ ಇರಲಿ... ಈಗ ತೆಗಿ!" ಅಂದ. ಲೋಹ ಕೆಂಪಗೆ ಕರಗಿ ಅಚ್ಚಿನೊಳಗೆ ಚಿಮ್ಮಿತು.

ಮೊದಲ ಅಚ್ಚಿನಲ್ಲಿ ಒಂದು ಗಾಳಿಗುಳ್ಳೆ ಕಾಣಿಸಿತು. ಅವಳು ಅದನ್ನು ಎಸೆದು ಮತ್ತೆ ಮೇಣ ಕೈಗೆತ್ತಿಕೊಂಡಳು.

"ನನ್ನ ಕಣ್ಣಿಗೆ ಚೆನ್ನಾಗೇ ಕಂಡಿತಲ್ಲ?"

"ಕಂಡ್ರೆ ಸಾಲದು ರೀ. ಕಚ್ಚಬೇಕು."

ಎರಡನೆಯದು ಚೊಕ್ಕವಾಗಿ ಬಂತು. ಇನ್ನೊಂದು ಮೋಟಾರಿಗೂ ಒಂದನ್ನು ಮಾಡಿದಳು. ಉಜ್ಜಿ ಹೊಳಪು ಬಂದ ಆ ಚಕ್ರವನ್ನು ಗಂಡ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಾ, "ದಿನಾ ಇಂಥದ್ದನ್ನೇ ಮಾಡ್ತಿದ್ದೆಯಾ ಇಲ್ಲಿ?" ಅಂದ. ಇಷ್ಟು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ತಡೀರಿ ಈ ಸಲ ಅವಸರಕ್ಕೆ ಬಗ್ಗಲಿಲ್ಲ. ಮೋಟಾರನ್ನು ಮೇಜಿನ ಮೇಲೆ ಬಿಗಿದು, ತಂತಿ ಜೋಡಿಸಿ, ಬಿಸಿಗಾಳಿ ಹಾಯಿಸುತ್ತಾ ಇಡೀ ಮಧ್ಯಾಹ್ನ ಆ ಗಾಳಿಯ ಬಾಗಿಲನ್ನು ತೆರೆದು ಮುಚ್ಚಿಸಿದ. ಬೇಕೆಂದೇ ನಡುವೆ ಕರೆಂಟು ಕಿತ್ತ. ಬಾಗಿಲು ಸ್ಪ್ರಿಂಗಿನ ಸೆಳೆತಕ್ಕೆ ಟಪ್ಪೆಂದು ಮುಚ್ಚಿಕೊಂಡಿತು. "ಇದು ಮುಖ್ಯ ಅಕ್ಕ. ಕೆಟ್ರೆ ಮುಚ್ಕೊಂಡು ಕೆಡಬೇಕು. ತೆರ್ಕೊಂಡು ಕೆಟ್ರೆ ನಾವೆಲ್ಲ ಗೋಡೆಗೆ ಅಂಟ್ಕೋತೀವಿ." ಆಮೇಲೆ ಬಿಚ್ಚಿ ನೋಡಿದ. ಒಂದು ಹಲ್ಲಿಗೂ ಗೀರು ಬಿದ್ದಿರಲಿಲ್ಲ.

ಅವನು ಚಕ್ರವನ್ನು ಒರೆಸುತ್ತಾ ಅಂಗಳದ ಮೂಲೆಗೆ ಕಣ್ಣು ಹಾಯಿಸಿದ. ಅಲ್ಲಿ ಅದೇ ಜಾತಿಯ ಇನ್ನೂ ಮೂರು ಕಾರು ಧೂಳು ಹಿಡಿದು ನಿಂತಿದ್ದವು. "ಅವಕ್ಕೂ ಇದೇ ಕಾಯಿಲೆ. ಖರ್ಚು ಕೇಳಿ ಯಜಮಾನರು ಬಿಟ್ಟುಹೋದೋರು ಮತ್ತೆ ಈ ಕಡೆ ತಲೆ ಹಾಕಿಲ್ಲ. ನೀವು ಅವಕ್ಕೆ ಹಲ್ಲು ಮಾಡಿಕೊಡಿ. ನಿಮ್ಮ ಬೇರಿಂಗ್ ಕೆಲಸ ನಾನು ಮಾಡ್ತೀನಿ, ಕೂಲಿ ಬೇಡ. ಸಾಮಾನಿನ ದುಡ್ಡು ಮಾತ್ರ ಕೊಡಿ."

ಹಲ್ಲಿನ ಅಕ್ಕ ಗಂಡನ ಮುಖ ನೋಡಿದಳು. ಈ ಸಲ ಕೇಳಿದಳು: "ಏನಂತೀರಿ?"

"ಸಾಮಾನಿಗೆ ನನ್ನ ಕಡೆಯಿಂದಲೂ ಒಂದಿಷ್ಟು ಹಾಕೋಣ," ಅಂದ ಅವನು.

ಬೇರಿಂಗ್ ಬದಲಾಗುವ ಹೊತ್ತಿಗೆ ಮೂರು ಕಾರುಗಳಲ್ಲಿ ಎರಡು ಅಂಗಳದಿಂದ ಹೊರಟವು. ಮೂರನೆಯದಕ್ಕೆ ಬೇರೆ ರೋಗಗಳೂ ಇದ್ದವು, ಅದು ಉಳಿಯಲಿಲ್ಲ. ಆದರೆ ಸುದ್ದಿ ಹರಡಿತು. ಹಳೇ ಹೊಲಿಗೆ ಯಂತ್ರದ ಚಕ್ರ ಹಿಡಿದು ದರ್ಜಿಯೊಬ್ಬ ಬಂದ, ಗೋಡೆ ಗಡಿಯಾರ ರಿಪೇರಿಯವಳು ಬಂದಳು, ಆಸ್ಪತ್ರೆಯ ಮಂಚ ಏರಿಸುವ ಚಕ್ರ ಮುರಿದಿದೆಯೆಂದು ಒಬ್ಬ ಸೂಪರ್‌ವೈಸರ್ ಬಂದ. ಲ್ಯಾಬು ಮೊದಲಿನಂತೆ ತುಂಬಿ ತುಳುಕಿತು ಅಂತೇನಲ್ಲ. ಮನುಷ್ಯರ ಹಲ್ಲಿನ ಕೆಲಸ ದಿನೇದಿನೇ ಇಳಿಯುತ್ತಲೇ ಇತ್ತು. ಆದರೂ ಬೆಳಿಗ್ಗೆ ದೀಪ ಹಾಕಿ ಕೂರುವುದಕ್ಕೆ ಕಾರಣವೊಂದು ಇರುತ್ತಿತ್ತು. ಈಗ ಬರುವವರು ಬಾಗಿಲಿಗೇ ಬಂದು ನಿಲ್ಲುತ್ತಿದ್ದರು, ಕೆಲಸ ಮುಗಿದಾಗ ಅವರ ಮುಖ ಅರಳುವುದನ್ನು ಅವಳು ಕಣ್ಣಾರೆ ಕಾಣುತ್ತಿದ್ದಳು.

ಬೆಟ್ಟವನ್ನು ಅವರು ಎರಡನೇ ಸಲ ಏರಿದಾಗ ಹಿಂದಿನ ಸೀಟಿನಲ್ಲಿ ಗಂಡನೂ ಇದ್ದ. ಕೆಟ್ಟು ನಿಂತಿದ್ದ ಆ ತಿರುವು ಬಂದಾಗ ಮೂವರ ಕಣ್ಣೂ ಡ್ಯಾಶ್‌ಬೋರ್ಡಿನ ಮೇಲೆ ನೆಟ್ಟವು. ದೀಪ ಹತ್ತಲಿಲ್ಲ. ಕಾರು ಆ ಏರನ್ನು ಏರೇ ಅಲ್ಲ ಎನ್ನುವಂತೆ ದಾಟಿತು. ಅತ್ತೆಯ ತಂಗಿ ಗೇಟಿನಲ್ಲೇ ಕಾದಿದ್ದರು. ಅಕ್ಕತಂಗಿ ಇಬ್ಬರೂ ಮನೆಯೊಳಗೆ ಹೋಗುವ ಬದಲು ಕಾರಿನೊಳಗೇ ಪಕ್ಕಪಕ್ಕ ಕೂತು, ಕೈ ಕೈ ಹಿಡಿದುಕೊಂಡು, ಫೋನಿನಲ್ಲಿ ಆಗಲೇ ಹೇಳಿ ಮುಗಿಸಿದ್ದ ಸುದ್ದಿಗಳನ್ನೇ ಮತ್ತೆ ಮೊದಲಿಂದ ಹೇಳಿಕೊಂಡರು. ಚಹಾ ಅಲ್ಲಿಗೇ ಹೋಯಿತು.

ಕಾರು ಈಗಲೂ ಒಂದೊಂದು ತೊಟ್ಟು ಎಣ್ಣೆ ಸೋರಿಸುತ್ತದೆ; ಕೆಳಗೆ ಒಂದು ಹಳೇ ತಟ್ಟೆ ಇಟ್ಟಿದ್ದಾರೆ. ಬರುವ ವರ್ಷ ಬ್ರೇಕಿನ ಖರ್ಚು ಇದೆಯೆಂದು ತಡೀರಿ ಮುಂಚಿತವಾಗಿಯೇ ಎಚ್ಚರಿಸಿದ್ದಾನೆ. ಅದಕ್ಕಾಗಿ ಗಂಡಹೆಂಡತಿ ಇಬ್ಬರೂ ಸೇರಿ ಈಗಿನಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡುತ್ತಾರೆ.

ಇತ್ತೀಚೆಗೆ ಒಂದು ರಜೆಯ ಬೆಳಿಗ್ಗೆ ಗಂಡ ಕಾರಿನ ಸುತ್ತ ಸುಮ್ಮನೆ ಎರಡು ಸಲ ಸುಳಿದ. ಆಮೇಲೆ ಕೆಮ್ಮಿದ. "ಡಿಪೋ ಹಿಂದಿನ ಮೈದಾನ ಇವತ್ತು ಖಾಲಿ ಇರುತ್ತೆ."

"ಅದಕ್ಕೆ?"

"ಜೀವಮಾನವಿಡೀ ಬಸ್ ಬಿಟ್ಟೆ. ಒಂದನ್ನೂ ಓಡಿಸ್ಲಿಲ್ಲ. ಕಲಿಸ್ತೀಯಾ?"

ಅವಳು ಕೀಲಿಯನ್ನು ಅವನ ಕೈಗಿಟ್ಟಳು. ಮೈದಾನದಲ್ಲಿ ಅವನು ಸೀಟನ್ನು ಹಿಂದೆ ಮುಂದೆ ಮಾಡಿ, ಕನ್ನಡಿ ಮೂರನ್ನೂ ತಿರುಗಿಸಿ, ಎರಡೂ ಕೈಯಿಂದ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಮೊಟ್ಟೆಯ ಮೇಲೆ ಹೆಜ್ಜೆ ಇಡುವವನ ಹಾಗೆ ಆಕ್ಸಿಲರೇಟರ್ ಒತ್ತಿದ. ನಾಲ್ಕುನೂರಕ್ಕೂ ಮಿಕ್ಕಿದ ಕುದುರೆಗಳ ಬಲವಿರುವ ಆ ಗಾಡಿ ಬಸವನಹುಳುವಿನಂತೆ ತೆವಳಿತು.

"ಚೆನ್ನಾಗಿ ಹೋಗ್ತಿದೆ," ಅಂದಳು ಅವಳು.

"ನಾನು ಇಳಿದು ನಡ್ಕೊಂಡು ಮುಂದೆ ಹೋಗಿರ್ಲಾ?" ಅಂದರು ಹಿಂದಿನ ಸೀಟಿನಿಂದ ಅತ್ತೆ.

ಅವನು ಬೆವರಿದ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಾ, ಆಕ್ಸಿಲರೇಟರನ್ನು ಇನ್ನೊಂದು ಕೂದಲೆಳೆಯಷ್ಟು ಒತ್ತಿದ.